ಸಾರು ಸೇರದ ಮಧ್ಯಾಹ್ನಗಳು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತಿನ ಮುಂದೆ ನಿಂತು ವಯಸ್ಸು ಕಳೆದವನು ನಾನು. ನಿವೃತ್ತಿಯ ನಂತರವೂ ಸ್ಟೋರು ನೋಡಿಕೊಳ್ಳಲು ಅಲ್ಲೇ ಉಳಿದೆ. ಶಾಲೆ ಏಳನೆಯ ತರಗತಿಗೆ ನಿಂತಿತ್ತು. ಉಳಿದದ್ದನ್ನು ನಿಘಂಟುಗಳಿಂದ ಕಲಿತೆ, ಅವುಗಳೊಡನೆ ಜಗಳವಾಡುತ್ತಲೇ. ‘ಹಸಿವು’ ಬಂದದ್ದು ‘ಹಸಿ’ಯಿಂದ, ಹಸಿಯಾದದ್ದು ಬೆಂಕಿ ಬೇಡುವಂತೆ ಹೊಟ್ಟೆ ಅನ್ನ ಬೇಡುತ್ತದೆ ಎಂದು ಮೇಷ್ಟರೊಬ್ಬರು ಭಾಷಣದಲ್ಲಿ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು, ನಾನು ತಟ್ಟಲಿಲ್ಲ. ಹಳಗನ್ನಡದಲ್ಲಿ ಅದು ಪಸಿವು, ತಮಿಳರಿಗೆ ಇಂದಿಗೂ ಪಸಿ. ಹಸಿ, ಹಸಿರುಗಳ ‘ಪಸಿ’ಯೂ ನಿಘಂಟಿನಲ್ಲಿ ಪಕ್ಕದಲ್ಲೇ ಇದೆ, ನಿಜ. ಆದರೆ ಅಕ್ಕಪಕ್ಕದ ಮನೆಯವರೆಲ್ಲ ಒಂದೇ ತಾಯಿಯ ಮಕ್ಕಳೆಂದು ಪುರಾವೆಯಿಲ್ಲದೆ ಒಪ್ಪುವುದು ಹೇಗೆ?

ಈ ಹಟದ ಕಾರಣಕ್ಕೇ ಇರಬೇಕು, ನನ್ನನ್ನು ಕ್ಯಾಂಟೀನ್ ಕಮಿಟಿಗೆ ಹಾಕಿದರು. ಲೋಹಕ್ಕೆ ಹೊಳಪಿನ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡಿನವರು ಮಧ್ಯಾಹ್ನ ಅರ್ಧ ಊಟ ಬಿಟ್ಟು ಏಳುತ್ತಿದ್ದರು. ‘ಊಟ ರುಚಿಯಾಗಿದೆಯೇ?’ ಎಂಬ ಪ್ರಶ್ನೆಗೆ ಎಲ್ಲರೂ ‘ಇಲ್ಲ’ ಎಂದು ಗುರುತು ಹಾಕಿದ್ದರು. ಅಡುಗೆಯಾಕೆ ಪಕ್ಕದ ಹಳ್ಳಿಯವಳು, ಬಹಳ ವರ್ಷಗಳಿಂದ ನಮಗೆ ಬೇಯಿಸಿ ಹಾಕುತ್ತಿದ್ದವಳು. ಅವಳು ಇರಬೇಕೋ ಹೋಗಬೇಕೋ ಎಂಬುದು ನಾನು ಬರೆಯುವ ವರದಿಯ ಮೇಲೆ ನಿಂತಿತ್ತು.

ಶೆಡ್ಡಿನ ಕಲಬುರಗಿ ಕಡೆಯವನೊಬ್ಬನನ್ನು ಕೇಳಿದೆ: “ಹಸಿವಿಲ್ಲವೇನಪ್ಪ?”

“ಹೊಟ್ಟಿ ಹಸದೈತ್ರೀ ಅಜ್ಜಾರ. ಬಾಯಿಗೆ ಸೇರವಲ್ದು. ಕಬ್ಬಿಣ ನೆಕ್ಕಿದಂಗ ಆಗತೈತಿ.”

ಪಕ್ಕದವನು ನಕ್ಕ: “ನಿಮ್ಮ ದಪ್ಪ ಪುಸ್ತಕದಾಗ ಇದಕ್ಕೇನಂತಾರ, ನೋಡಿ ಹೇಳ್ರಲ್ಲ!”

ಪುಸ್ತಕದಲ್ಲಿ ‘ಅರುಚಿ’ ಎಂದಿತ್ತು. ರುಚಿಗೆ ಸಂಸ್ಕೃತದಲ್ಲಿ ಹೊಳಪೆಂಬ ಅರ್ಥವೂ ಉಂಟು. ಅವರಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಅವರ ‘ಸೇರವಲ್ದು’ ಎಂಬ ಮಾತೇ ಹೆಚ್ಚು ಪ್ರಾಮಾಣಿಕವಾಗಿತ್ತು. ಅದು ತಪ್ಪನ್ನೆಲ್ಲ ಸಾರಿನ ಮೇಲೆ ಹೊರಿಸುವುದಿಲ್ಲ.

ಮರುದಿನ ಬೆಳಿಗ್ಗೆ, ಅವರು ಶೆಡ್ಡಿಗೆ ಕಾಲಿಡುವ ಮೊದಲೇ, ಗೇಟಿನ ಬಳಿ ಅದೇ ಸಾರು, ಅದೇ ಮುದ್ದೆ ಹಾಕಿಸಿದೆ. ತಟ್ಟೆ ಬಳಿದು ತಿಂದರು. ಮಧ್ಯಾಹ್ನ ಅದೇ ಹಂಡೆಯ ಸಾರು ಹಾಗೆಯೇ ವಾಪಸು ಬಂತು. ದೋಷ ಅಡುಗೆಯದಲ್ಲ, ನಾಲಿಗೆ ಕೆಡಿಸುವ ಶೆಡ್ಡಿನ ಆಸಿಡ್ ಹೊಗೆಯದು ಎಂದು ಬರೆದುಕೊಟ್ಟೆ.

ಮ್ಯಾನೇಜರು ಓದಿ ಮಡಿಚಿಟ್ಟರು. “ಯಜಮಾನ್ರೇ, ಕ್ಯಾಂಟೀನ್ ಕಮಿಟಿ ಕ್ಯಾಂಟೀನ್ ಬಗ್ಗೆ ಬರೀಬೇಕು. ಶೆಡ್ಡು ಬೇರೆ ಡಿಪಾರ್ಟ್‌ಮೆಂಟು.”

ತಿಂಗಳು ತುಂಬುವುದರೊಳಗೆ ಅವಳನ್ನು ಬಿಡಿಸಿದರು, ಹೊಸ ಅಡುಗೆಯವನು ಬಂದ. ಅವನ ಸಾರಿಗೆ ಖಾರ ಎರಡು ಪಟ್ಟು; ಸತ್ತ ನಾಲಿಗೆಯನ್ನೂ ಅದು ಚುಚ್ಚಿ ಎಬ್ಬಿಸುತ್ತಿತ್ತು. ತಟ್ಟೆಗಳು ಖಾಲಿಯಾದವು. ತಪ್ಪು ಹಳೆಯ ಅಡುಗೆಯಾಕೆಯದೇ ಎಂಬುದು ಅಲ್ಲಿಗೆ ಇತಿಹಾಸವಾಯಿತು. ಇತಿಹಾಸಗಳು ಹೀಗೆಯೇ ಆಗುತ್ತವೆಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು. ಅದು ನಿಜವಾದಾಗ ಸಿಟ್ಟು ಬರಲಿಲ್ಲ, ಬರಿಯ ಆಯಾಸವಾಯಿತು.

ಅವಳ ಮನೆಗೆ ಹೋದೆ. ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು.

“ಬರ್ದಿದ್ದು ಗೊತ್ತಾಯ್ತು ಕಣಣ್ಣ. ಒಂದ್ ಮಾತ್ ಯೋಳು. ನನ್ ಸಾರು ಚೆನ್ನಾಗಿತ್ತಾ?”

“ಗೇಟಿನ ಹತ್ತಿರ ಎಲ್ಲರೂ ಬಳಿದು ತಿಂದರಲ್ಲಮ್ಮ.”

“ಅವ್ರುದ್ದಲ್ಲ. ನಿನ್ ಬಾಯ್ಗೆ?”

ಅಷ್ಟು ವರ್ಷ ಆ ಸಾರನ್ನು ಉಂಡಿದ್ದೆ. ಲೇತಿನ ಎಣ್ಣೆಯ ವಾಸನೆಯನ್ನು ಅದಕ್ಕಿಂತ ಹೆಚ್ಚು ವರ್ಷ ಕುಡಿದಿದ್ದೆ. ಎಲ್ಲರ ಮಾತನ್ನೂ ಅನುಮಾನಿಸಿದವನು ನನ್ನ ನಾಲಿಗೆಯನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಗಂಟೆ ಹೊಡೆದಾಗ ಉಂಡೆ, ಅಷ್ಟೇ.

“ಚೆನ್ನಾಗಿತ್ತಮ್ಮ,” ಎಂದೆ.

ಅವಳು ನನ್ನ ಮುಖ ನೋಡಿ ಮುಂದಿನ ಪಾತ್ರೆಗೆ ಕೈ ಹಾಕಿದಳು.