ಗಿರಿಜಾಂಬಾಳ ನಡಿಗೆ

ನನ್ನ ಭಾವ, ಅಂದರೆ ಗಂಡನ ಅಣ್ಣ, ಷಡಕ್ಷರಪ್ಪನವರ ಮಗಳು ಗಿರಿಜಾಂಬಾಳಿಗೆ ಹನ್ನೆರಡನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತು. ತಾಯಿಯಿಲ್ಲದ ಹುಡುಗಿ. ಬಣಕಲ್ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಕ್ಕಳಿಗೆ ಅಂಥ ಕಾಯಿಲೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಚಿಕ್ಕಮಗಳೂರಿನ ಡಾಕ್ಟರು ದಿನಾ ಎರಡು ಹೊತ್ತು ಇನ್ಸುಲಿನ್ ಸೂಜಿ ಹಾಕುವುದನ್ನು ಭಾವನವರಿಗೆ ಕಲಿಸಿದರು. ನಾವು ಅವಳನ್ನು ಐದು ವರ್ಷ ಮಂಚ ಬಿಟ್ಟು ಇಳಿಯಗೊಡಲಿಲ್ಲ. ಆದರೂ ಬತ್ತುತ್ತಲೇ ಹೋದಳು. ಮೂತ್ರವನ್ನು ನೀಲಿ ಔಷಧಿಗೆ ಹಾಕಿ ಕಾಯಿಸಿದರೆ ದಿನವೂ ಇಟ್ಟಿಗೆ ಬಣ್ಣ. ಸಕ್ಕರೆ ವಿಪರೀತ ಎಂದು ಅರ್ಥ.

೧೯೩೮ರಲ್ಲಿ ಡಾಕ್ಟರು ಬೈದರು. "ಮಲಗಿಸಿ ಕೊಲ್ತೀರೇನ್ರಿ? ಊಟ ಆದ ಮೇಲೆ ನಡೆಸಿ!" ನಾವು ಬೆಚ್ಚಿಬಿದ್ದೆವು.

ಶ್ರಾವಣ ಕಳೆದ ಮೇಲೆ ಗಿರಿಜಾ ತೋಟದ ಆಳು ಜವರಮ್ಮನ ಜೊತೆ ದಿನಾ ಎರಡು ಮೈಲಿ ನಡೆಯತೊಡಗಿದಳು. ಎರಡೇ ತಿಂಗಳಲ್ಲಿ ಇಟ್ಟಿಗೆ ಬಣ್ಣ ಹೋಗಿ ಹಸಿರಾಯಿತು, ಕೆಲವು ದಿನ ಸಕ್ಕರೆಯ ಸುಳಿವೇ ಇಲ್ಲದೆ ನೀಲಿಯೇ ಉಳಿಯಿತು. ಸೂಜಿಯ ಅಳತೆ ಇಳಿಯಿತು. ಕೆನ್ನೆ ತುಂಬಿತು.

"ಸಣ್ಣಮ್ಮಾವ್ರ ಹಿಂದೆ ಓಡಿ ಓಡಿ ನಂಗೇ ಕಾಯಿಲೆ ಬರ್ತದೆ," ಎಂದು ಜವರಮ್ಮ ನಗುತ್ತಿದ್ದಳು.

ಕಾರ್ತಿಕ ಸೋಮವಾರ ಬಂತು. ಉಪವಾಸವಿದ್ದು ದೇವರಮನೆ ಗುಡ್ಡದ ಮೇಲಿನ ಗುಡಿಗೆ ನಡೆದೇ ಬರುತ್ತೇನೆಂದು ಗಿರಿಜಾ ಹರಕೆ ಹೊತ್ತಿದ್ದಳು.

"ಸೂಜಿ ಊಟ ಅಲ್ವಲ್ಲ, ವ್ರತ ಕೆಡಲ್ಲ," ಎಂದು ಭಾವ ಎಂದಿನ ಅಳತೆಯನ್ನೇ ಹಾಕಿದರು. ನನಗೂ ಅದು ಸರಿಯೆನಿಸಿತು.

ನಾವೂ ಜವರಮ್ಮನೂ ಅವಳ ಜೊತೆ ಹೊರಟೆವು. ಗುಡ್ಡ ಹತ್ತಿ ಗುಡಿಯ ಅಂಗಳ ಮುಟ್ಟುವಾಗ ಅವಳು ನಡುಗತೊಡಗಿದಳು. ಸೀರೆಯೆಲ್ಲ ಬೆವರು. ಕಣ್ಣು ಎಲ್ಲೋ ನೆಟ್ಟಿತ್ತು, ಬಾಯಲ್ಲಿ ಅರ್ಥವಿಲ್ಲದ ಮಾತು.

"ಮೈಮೇಲೆ ದೇವ್ರು ಬಂತು!" ಎಂದು ಯಾರೋ ಕೂಗಿದರು. ಜನ ಸುತ್ತುವರಿದರು. ಭಾವನವರು ಸ್ವಂತ ಮಗಳ ಕಾಲಿಗೆ ಅಡ್ಡಬಿದ್ದರು. ನಾನೂ ಕೈ ಮುಗಿದೆ. "ನನಗೆ ಮಕ್ಕಳಾಗ್ತವಾ ಸ್ವಾಮಿ?" ಎಂದು ಕೇಳಿದೆ. ಸಾಯುತ್ತಿದ್ದ ಹುಡುಗಿಯನ್ನು ನಾನು ಕೇಳಿದ್ದು ಅದು.

ಅಂಗಳದಾಚೆ ನಿಂತಿದ್ದ ಜವರಮ್ಮ ಜನರನ್ನು ತಳ್ಳಿಕೊಂಡು ನುಗ್ಗಿ ನನ್ನ ತಟ್ಟೆಯಲ್ಲಿದ್ದ ನೈವೇದ್ಯದ ಬೆಲ್ಲಕ್ಕೆ ಕೈ ಹಾಕಿದಳು.

"ಏಯ್, ಮುಟ್ಟಬೇಡ! ದೇವರಿಗೆ ಇನ್ನೂ ತೋರಿಸಿಲ್ಲ!" ನಾನು ಕಿರುಚಿದೆ.

"ದೇವ್ರು ಇವ್ರ ಮೈಮೇಲೇ ಬಂದಿದ್ರೆ ಇಲ್ಲೇ ತಿನ್ಲಿ ಬಿಡಿ, ಅಮ್ಮಾ! ಅವತ್ತು ಊಟ ತಡ ಆದಾಗ್ಲೂ ತೋಟದಲ್ಲಿ ಹಿಂಗೇ ಆಗಿತ್ತು, ಬೆಲ್ಲ ತಿಂದ್ಮೇಲೇ ಸರಿ ಹೋಗಿದ್ದು!"

ಅವಳು ಬೆಲ್ಲವನ್ನು ಪುಡಿಮಾಡಿ ಗಿರಿಜಾಳ ಕೆನ್ನೆಯೊಳಗೆ ಸವರಿದಳು. ಮತ್ತೆ ಸವರಿದಳು. ಬಹಳ ಹೊತ್ತಿನ ಮೇಲೆ ನಡುಕ ನಿಂತಿತು. "ಯಾಕೆ ಎಲ್ಲ ನನಗೆ ಕೈ ಮುಗೀತಿದೀರಿ?" ಎಂದು ಗಿರಿಜಾ ಕೇಳಿದಳು.

"ಇನ್ನು ಹೊಸಿಲು ದಾಟಬೇಡ," ಎಂದರು ಭಾವ.

ಡಾಕ್ಟರು ಒಪ್ಪಲಿಲ್ಲ. "ನಡೆದಿದ್ದು ತಪ್ಪಲ್ಲ. ಸೂಜಿ ಹಾಕಿ ಉಪವಾಸ ನಡೆಸಿದ್ದು ತಪ್ಪು. ಇನ್ನರ್ಧ ಗಂಟೆ ಬಿಟ್ಟಿದ್ರೆ ಮಗಳು ನಿಮಗೆ ಉಳೀತಿರ್ಲಿಲ್ಲ."

"ಅಪ್ಪಯ್ಯ, ಉಪವಾಸ ಬಿಡ್ತೀನಿ, ನಡಿಗೆ ಬಿಡಲ್ಲ," ಎಂದಳು ಗಿರಿಜಾ.

ಮುಂದಿನ ಸೋಮವಾರ ಮನೆಯವರೆಲ್ಲ ಉಪವಾಸವಿದ್ದೆವು. ಭಾವನವರು ಸ್ನಾನ ಮುಗಿಸಿ, ಮಗಳ ಎದುರು ಎಲೆ ಹಾಕಿ, ಎರಡು ಅಕ್ಕಿರೊಟ್ಟಿ ತಾವೇ ಬಡಿಸಿದರು. ಅವಳು ಪೂರ್ತಿ ತಿನ್ನುವವರೆಗೂ ಪಕ್ಕದಿಂದ ಏಳಲಿಲ್ಲ. ಆಮೇಲೆ ಬಾಗಿಲು ತೆರೆದರು.