ನದಿಯಿಲ್ಲದ ಊರಿಗೆ ನದಿ ಬರೆಸಿದವರು

ನನ್ನ ಇಂಗ್ಲಿಷ್ ಮೇಷ್ಟರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹೈಸ್ಕೂಲು ಮುಗಿದು ಎಷ್ಟೋ ವರ್ಷವಾಯಿತು, ನಾನೂ ನಾಲ್ಕು ಪುಸ್ತಕ ಬರೆದೆ, ಇನ್ನಾದರೂ ಕ್ಷಮಿಸಿಬಿಡು ಎಂದು ಮನೆಯವರು ಹೇಳುತ್ತಾರೆ. ಕ್ಷಮಿಸುವುದಿಲ್ಲ.

ಹೊನ್ನಾಳಿಯ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಚುರುಕು ಮಕ್ಕಳನ್ನು ಆರಿಸಿ, ಸಂಜೆ ಗಂಟೆ ಹೊಡೆದ ಮೇಲೆ ‘ಅಡ್ವಾನ್ಸ್ಡ್ ಇಂಗ್ಲಿಷ್’ ಎಂಬ ಕ್ಲಾಸು ನಡೆಸುತ್ತಿದ್ದರು. ನ್ಯಾಮತಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನೂ ಆಯ್ಕೆಯಾದೆ. ಬರೆಯುವುದನ್ನು ಕಲಿಯುತ್ತೇನೆ ಎಂದು ಕುಣಿದುಕೊಂಡು ಹೋದರೆ, ಅಲ್ಲಿದ್ದದ್ದು ಬರೀ ಬಾಯಿಪಾಠ. ಸರ್ ಪ್ರಬಂಧ ಹೇಳಿ ಬರೆಸುವರು, ನಾವು ಉರು ಹೊಡೆದು ಮರುದಿನ ನೋಡದೆ ಬರೆಯಬೇಕು. ‘ನನ್ನ ಊರು’ ಎಂಬ ಪ್ರಬಂಧದಲ್ಲಿ ಊರ ಪಕ್ಕ ನದಿ ಹರಿಯುತ್ತಿತ್ತು, ದಡದಲ್ಲಿ ದೇವಸ್ಥಾನವಿತ್ತು, ಜನ ಮುಗ್ಧರಾಗಿದ್ದರು. ಸಾಸ್ವೆಹಳ್ಳಿಯಿಂದ ಬರುತ್ತಿದ್ದ ಹುಡುಗಿಗೇನೋ ಸರಿ, ಅವಳ ಊರ ಹತ್ತಿರ ತುಂಗಭದ್ರೆ ಇದ್ದಾಳೆ. ನಮ್ಮೂರಲ್ಲಿದ್ದದ್ದು ಒಂದು ಬೋರ್‌ವೆಲ್ಲು, ನೀರು ಬರುತ್ತಿದ್ದುದೂ ಕರೆಂಟು ಇದ್ದಾಗ ಮಾತ್ರ. ಇನ್ನು ಮುಗ್ಧತೆಯ ಮಾತು ಬಿಡಿ, ಆ ಪ್ರಬಂಧ ಬರೆದವನು ನಮ್ಮ ಅಜ್ಜಿಯನ್ನು ನೋಡಿರಲಿಲ್ಲ.

ಕೊಯ್ಲಾದ ಮೇಲೆ ನಮ್ಮ ಕಡೆ ಮೆಕ್ಕೆಜೋಳವನ್ನು ಟಾರು ರಸ್ತೆಯ ಅರ್ಧಕ್ಕೆ ಹರವಿ ಒಣಗಿಸುತ್ತಾರೆ. ಅಂಚಿಗೆ ಕಲ್ಲು ಜೋಡಿಸಿ, ಕೋಲು ಹಿಡಿದು ಅಜ್ಜಿ ಕೂತಳೆಂದರೆ, ಕಾಳಿನ ಮೇಲೆ ಬೈಕು ಹತ್ತಿಸಿದವನ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಸರ್ ಹೇಳಿದ ನದಿಯ ಬದಲು ನಾನು ಅದನ್ನು ಬರೆದೆ. ಡಿಕ್ಷನರಿ ಹುಡುಕಿ, ವಾರಗಟ್ಟಲೆ ಒದ್ದಾಡಿ, ಒಂದೊಂದು ವಾಕ್ಯವನ್ನೂ ನಾನೇ ಕಟ್ಟಿದೆ.

ಸರ್ ಓದಿದರು. ಓದಿ, ಕೆಂಪು ಪೆನ್ನಿನಲ್ಲಿ ಪುಟದ ಮೂಲೆಯಿಂದ ಮೂಲೆಗೆ ಗೀಟು ಎಳೆದರು.

“ತಪ್ಪು ಎಲ್ಲೈತೆ ಸರ್?” ಎಂದೆ.

“ತಪ್ಪಿಲ್ಲ. ಬೇಕಾಗಿಲ್ಲ, ಅಷ್ಟೆ. ಸ್ವಂತ ಬರೆಯಾಕೆ ಹೋದ್ರೆ ಪರೀಕ್ಷೆಯಾಗೆ ಮಾರ್ಕ್ಸ್ ಹೋಗ್ತಾವೆ. ನದಿ ಬರಿ.”

“ನಮ್ಮೂರಾಗೆ ನದಿ ಇಲ್ಲ ಸರ್.”

“ನಂದು ಜಗಳೂರು ಕಡೆ. ಕುಡಿಯಾಕೇ ನೀರಿರಲಿಲ್ಲ. ನಮ್ಮ ಮೇಷ್ಟ್ರು ನದಿ ಬರೆಸಿದ್ರು, ಬರೆದೆ, ಪಾಸಾದೆ. ನಿಂದೇನಮ್ಮ ದೊಡ್ಡದು?”

ಪಾಪ ಅನ್ನಿಸಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ಸುಳ್ಳೆಂದು ಚೆನ್ನಾಗಿ ಗೊತ್ತಿದ್ದೂ, ತನಗೆ ತುರುಕಿದ್ದನ್ನೇ ನಮ್ಮ ಗಂಟಲಿಗೂ ತುರುಕುತ್ತಿದ್ದ ಮನುಷ್ಯ. ನದಿ ಬರೆಯುವವರೆಗೆ ಕ್ಲಾಸಿಗೆ ಬರಬೇಡ ಎಂದರು. ನಾನು ಬರೆಯಲಿಲ್ಲ. ವರ್ಷ ಮುಗಿಯುವವರೆಗೂ ಆ ಕೋಣೆಯ ಹೊರಗೆ, ವರಾಂಡದಲ್ಲಿ ಕೂತು, ಬಸ್ಸಿನ ಹೊತ್ತಾಗುವ ತನಕ ನನ್ನ ಊರನ್ನೇ ತಿದ್ದಿ ತಿದ್ದಿ ಬರೆದೆ. ಒಳಗೆ ಎಲ್ಲರೂ ಒಟ್ಟಿಗೆ ನದಿಯನ್ನು ಒಪ್ಪಿಸುವುದು ಕೇಳಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ಬರೆಯುವುದು ನನಗೆ ಅಲ್ಲಿ ಅಭ್ಯಾಸವಾಯಿತು.

ಪರೀಕ್ಷೆಯಲ್ಲಿ ಅದೇ ಪ್ರಬಂಧ ಕೇಳಿದ್ದರು. ಜೋಳವನ್ನೂ ಅಜ್ಜಿಯನ್ನೂ ಬರೆದು ಬಂದೆ. ಸರ್ ಹೇಳಿದಂತೆಯೇ ಮಾರ್ಕ್ಸ್ ಹೋದವು.

ರಿಸಲ್ಟ್ ಬಂದ ದಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಗೆ, “ನಿನ್ನ ದೆಸೆಯಿಂದ ಹೋಯ್ತು ನೋಡು,” ಎಂದು ನಡೆದದ್ದೆಲ್ಲ ಹೇಳಿದೆ. ಅವಳಿಗೆ ಮಾರ್ಕ್ಸಿನ ಚಿಂತೆಯಿಲ್ಲ, ತಾನು ಇಂಗ್ಲಿಷಿಗೆ ಹೋದ ಸಂಭ್ರಮ.

“ನಾನು ಬೈದದ್ದೂ ಬರೆದೀಯಾ? ಹೆಂಗೆ ಬರೆದೆ, ಹೇಳು ಕೇಳಾನ.”

ನಾನು ಬರೆದ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿದೆ: “ದಯವಿಟ್ಟು ನಿಧಾನವಾಗಿ ಹೋಗಿರಿ.”

ಅಜ್ಜಿ ನನ್ನನ್ನೇ ದುರುಗುಟ್ಟಿ ನೋಡಿದಳು. “ನಾನು ಯಾವತ್ತು ಯಾರಿಗೆ ದಯವಿಟ್ಟು ಅಂದೀನಿ? ಯಾವಳೇ ಆ ಮುದುಕಿ?”

ನನಗೆ ಮುಖಕ್ಕೆ ಹೊಡೆದಂತಾಯಿತು. ವರ್ಷವಿಡೀ ಹೊರಗೆ ಕೂತಿದ್ದರೂ ಸರ್ ನನ್ನ ಪೆನ್ನಿನೊಳಗೆ ಬಂದು ಕೂತಿದ್ದರು. ನಾನು ಕ್ಷಮಿಸದೆ ಇರುವುದು ಇದನ್ನು, ಹೋದ ಮಾರ್ಕ್ಸನ್ನಲ್ಲ. ಅವತ್ತೇ ಒಂದು ಹಾಳೆ ತಂದು, ಅಜ್ಜಿಯ ಬೈಗುಳವನ್ನು ಕನ್ನಡದಲ್ಲಿ ಇದ್ದದ್ದು ಇದ್ದಂತೆ ಬರೆಯತೊಡಗಿದೆ. ಅವಳು ಪಕ್ಕದಲ್ಲಿ ಕೂತು, ನಾನು ಬರೆಯಲು ಅಂಜಿ ಬಿಟ್ಟ ಮಾತುಗಳನ್ನು ಒಂದೊಂದಾಗಿ ಹೇಳಿ ಬರೆಸಿದಳು.