ನೆಲ ಬಿಡದ ನಡಿಗೆ

ನೀಲಗಿರಿ ಎಣ್ಣೆಯ ವಾಸನೆ ಎಂದರೆ ಎಲ್ಲರಿಗೂ ನೆಗಡಿ ನೆನಪಾಗುತ್ತದೆ. ನನಗೆ ನೆನಪಾಗುವುದು ಅಮ್ಮನ ಮೊಣಕಾಲು. ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ನಾನು ಕೆಲಸ ಮಾಡುವ ಆಫೀಸಿನ ಪಾರ್ಕಿಂಗ್ ಲಾಟಿನ ಅಂಚಿಗೆ ನೀಲಗಿರಿ ಮರಗಳ ಸಾಲೊಂದಿದೆ. ನವೆಂಬರಿನ ಬೆಳಿಗ್ಗೆ ಕಾರಿನ ಬಾಗಿಲು ತೆಗೆದರೆ, ಚಕ್ರದಡಿ ನುರಿದ ಒದ್ದೆ ಎಲೆಗಳ ಘಾಟು ಮೂಗಿಗೆ ಬಡಿಯುತ್ತದೆ. ಆಗ ನಾನು ಸ್ವಲ್ಪ ಹೊತ್ತು ಕಾರಿನಲ್ಲೇ ಕುಳಿತಿರುತ್ತೇನೆ. ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿದ್ದ ನಮ್ಮ ಹಳೆಯ ಮನೆಯ ಅಡುಗೆಮನೆ ಕಣ್ಣ ಮುಂದೆ ಬರುತ್ತದೆ. ಕಾವಲಿಯ ಮೇಲೆ ದೋಸೆ ಬೇಯುತ್ತಿರುವಾಗಲೇ ಅಮ್ಮ ಕುರ್ಚಿಯ ಮೇಲೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಎರಡೂ ವಾಸನೆ ಕಲೆತು ಮೆಟ್ಟಿಲು ಹತ್ತಿ ನನ್ನ ಕೋಣೆಯವರೆಗೆ ಬರುತ್ತಿತ್ತು. ದೋಸೆಗೂ ಅದೇ ಎಣ್ಣೆ ಹಾಕಿದ್ದಾ ಎಂದು ಅಪ್ಪ ಪ್ರತಿ ಸಲ ಕೇಳುತ್ತಿದ್ದರು. ಈಗ ನಿಮ್ಮದಲ್ಲದ ಮನೆಯೊಂದನ್ನು ನೀವೂ ಮೂಗಿನಲ್ಲಿ ಉಳಿಸಿಕೊಂಡಿದ್ದರೆ, ಕಾರಿನಲ್ಲಿ ಸುಮ್ಮನೆ ಕೂರುವ ನನ್ನ ಅಭ್ಯಾಸ ನಿಮಗೆ ಅರ್ಥವಾಗುತ್ತದೆ.

ಆ ಮನೆಯಲ್ಲಿ ನಾವಿದ್ದದ್ದು 2001ರಿಂದ 2008ರವರೆಗೆ. ಉಡುಪಿಯಿಂದ ಬಂದಾಗ ನನಗೆ ಎಂಟು ವರ್ಷ. ಅಪ್ಪನ ಕೆಲಸ ಲಾಸ್ ಏಂಜಲೀಸಿನಲ್ಲಿತ್ತು. ಸೋಮವಾರ ಡ್ರೈವ್ ಮಾಡಿಕೊಂಡು ಹೋದರೆ ಶುಕ್ರವಾರವೇ ವಾಪಸ್ಸು. ನಡುವಿನ ದಿನಗಳಲ್ಲಿ ಮನೆ ನಮ್ಮಿಬ್ಬರದು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಮ್ಮ ಗ್ಯಾರೇಜಿನಿಂದ ಬೀದಿಯ ಕೊನೆಯವರೆಗೆ ಹೋಗಿ ಬಂದು ಮಾಡುತ್ತಿದ್ದಳು. ಸಿಮೆಂಟಿನ ಮೇಲೆ ಅವಳ ಶೂಗಳ ಸದ್ದು, ಯಾರೋ ಒಂದೇ ಸಮನೆ ತೆಂಗಿನಕಾಯಿ ತುರಿಯುತ್ತಿರುವಂತೆ, ಕಿಟಕಿಯವರೆಗೆ ಕೇಳುತ್ತಿತ್ತು. ಕಾಲೇಜಿನ ದಿನಗಳಲ್ಲಿ ಅವಳು ವೇಗನಡಿಗೆಯ ಸ್ಪರ್ಧಿಯಾಗಿದ್ದಳು. ಆ ಆಟದ ನಿಯಮ ಹೇಳುವುದಕ್ಕೆ ಸುಲಭ, ಪಾಲಿಸುವುದಕ್ಕೆ ಮಹಾ ಕಷ್ಟ. ಎಷ್ಟೇ ಬೇಗ ಹೋದರೂ ಒಂದು ಪಾದ ಸದಾ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮೊಣಕಾಲು ಬಗ್ಗಬಾರದು. ಎರಡೂ ಪಾದ ಗಾಳಿಯಲ್ಲಿದ್ದರೆ ಅದು ಓಟ. ಅದನ್ನು ನೋಡುವುದಕ್ಕೆಂದೇ ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ಅಮ್ಮನ ಕೊನೆಯ ಕಾಲೇಜು ಸ್ಪರ್ಧೆಯಲ್ಲಿ, ಗೆಲುವಿನ ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಅವಳನ್ನು ಹೊರಗೆ ಹಾಕಿದ್ದರು. ಆಮೇಲೆ ಮದುವೆಯಾಯಿತು. ಸೊಂಟ ಆಡಿಸಿಕೊಂಡು ಬೀದಿಯಲ್ಲಿ ನಡೆಯುವ ಸೊಸೆ ನಮಗೆ ಬೇಡ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ತೀರ್ಪುಗಾರರ ಕಣ್ಣೆದುರು ಒಂದೇ ಒಂದು ಸ್ಪರ್ಧೆಯನ್ನು ಶುದ್ಧವಾಗಿ ಮುಗಿಸಬೇಕು ಎಂಬ ಆಸೆಯನ್ನು ಮಾತ್ರ ಅವಳು ಸೂಟ್‌ಕೇಸಿನಲ್ಲಿ ತಂದಿದ್ದಳು ಎಂದು ಕಾಣುತ್ತದೆ.

ನಮ್ಮ ಬಡಾವಣೆಯಲ್ಲಿ ನವೆಂಬರಿನ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬೆಳಿಗ್ಗೆ ಪುಟ್ಟದೊಂದು ರಸ್ತೆ ಓಟ ನಡೆಯುತ್ತಿತ್ತು. ಮಧ್ಯಾಹ್ನ ಹೊಟ್ಟೆ ಬಿರಿಯೆ ತಿನ್ನಲಿರುವವರು ಮೊದಲೇ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಏರ್ಪಾಡು ಅದು ಎಂದು ಅಪ್ಪ ಹೇಳುತ್ತಿದ್ದರು. ಬಂದ ಮೂರನೆಯ ವರ್ಷ ಅಮ್ಮ ಅದಕ್ಕೆ ಹೆಸರು ಕೊಟ್ಟಳು. ಮಕ್ಕಳು, ನಾಯಿಗಳು, ಮಗುವಿನ ಗಾಡಿ ತಳ್ಳುವ ಗಂಡಸರು, ಎಲ್ಲರ ನಡುವೆ ಅಮ್ಮ ಒಬ್ಬಳೇ ಮೊಣಕೈ ಮಡಚಿ, ಬೆನ್ನು ನೆಟ್ಟಗೆ ಮಾಡಿ, ಸೊಂಟ ತಿರುಗಿಸುತ್ತ ನಡೆದಳು. ಟರ್ಕಿ ಕೋಳಿಯ ಆಕಾರದ ಟೋಪಿ ಹಾಕಿಕೊಂಡು ದಾರಿ ತೋರಿಸುತ್ತಿದ್ದ ಮುದುಕರೊಬ್ಬರು ಗಾಬರಿಯಾಗಿ ಪಕ್ಕದಲ್ಲೇ ಓಡಿ, "ಆರ್ ಯೂ ಹರ್ಟ್?" ಎಂದು ಕೇಳಿದರು, ಗಾಲ್ಫ್ ಗಾಡಿ ತರಿಸಲೇ ಎಂದೂ ವಿಚಾರಿಸಿದರು. ಪಕ್ಕದ ಮನೆಯ ಮೈಸೂರಿನ ಜೀನತ್ ಆಂಟಿ ಫುಟ್‌ಪಾತಿನಿಂದ, "ಏನ್ರೀ ಇದು, ಓಡಿದ್ರೆ ಓಡಿ, ನಡೆದ್ರೆ ನಡೀರಿ!" ಎಂದು ಕೂಗಿದರು. ಅಮ್ಮ ಕೊನೆಯವರೆಗೂ ನಡೆದಳು. ಅಂದು ಸಂಜೆಯ ಊಟಕ್ಕೆ ಜೀನತ್ ಆಂಟಿ ತಮ್ಮ ಮನೆಯಿಂದ ಬಿಸಿ ಬಿಸಿ ಶಾವಿಗೆ ಪಾಯಸ ತಂದು ಹೊಗಳಿದರೂ ಅವಳ ಮುಖ ಅರಳಲಿಲ್ಲ. "ಮುಗಿಸಿದ್ದೇನೋ ಹೌದು. ಆದ್ರೆ ನೋಡುವವರೇ ಇಲ್ದೆ ನಡೆದದ್ದಕ್ಕೆ ಎಂತ ಅರ್ಥ ಉಂಟು?" ಎಂದು ಪಾತ್ರೆ ತೊಳೆಯುತ್ತ ಹೇಳಿದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ, ಅಡುಗೆಮನೆಯಲ್ಲಿ ಇದ್ದವಳು ನಾನೊಬ್ಬಳೇ.

ಮರುವರ್ಷ ಅವಳು ನನ್ನನ್ನು ತೀರ್ಪುಗಾರ್ತಿಯನ್ನಾಗಿ ಮಾಡಿದಳು. ಅದಕ್ಕೆ ತಿಂಗಳುಗಟ್ಟಲೆ ತಯಾರಿ ನಡೆಯಿತು. ಅವಳು ಗ್ಯಾರೇಜಿನಲ್ಲಿ ಬೇಕೆಂದೇ ತಪ್ಪು ನಡೆಯುತ್ತಿದ್ದಳು, ನಾನು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ಕಂಡುಹಿಡಿಯಬೇಕಿತ್ತು. ಬರಿಗಣ್ಣಿಗೆ ಕಂಡರೆ ಮಾತ್ರ ತಪ್ಪು, ಅನುಮಾನವಿದ್ದರೆ ಬಿಡಬೇಕು ಎಂದು ಕಲಿಸಿದಳು. ನಿಜವಾದ ಸ್ಪರ್ಧೆಯಲ್ಲಿ ತೀರ್ಪುಗಾರರ ಕೈಯಲ್ಲಿ ಸೂಚನೆಯ ಫಲಕವಿರುತ್ತದೆ. ನಮ್ಮ ಮನೆಯಲ್ಲಿದ್ದದ್ದು ದೋಸೆ ಮಗುಚುವ ಸಟ್ಟುಗ. ಅದರ ಅಗಲವಾದ ತುದಿಗೆ ಅವಳೇ ಕೆಂಪು ನೈಲ್ ಪಾಲಿಶ್ ಬಳಿದಳು. ಓಟದ ದಾರಿ ಮುಗಿಯುವ ಮುನ್ನ ಇಳಿಜಾರೊಂದಿತ್ತು, ಅದರ ತಿರುವಿನಲ್ಲಿ ನೀಲಗಿರಿ ಮರಗಳು. ಇಳಿಜಾರಿನಲ್ಲೇ ಕಾಲು ತಾನಾಗಿ ನೆಲ ಬಿಡುವುದು, ಹಾಗಾಗಿ ನಾನು ನಿಲ್ಲಬೇಕಾದ ಜಾಗ ಅದೇ. "ಅಮ್ಮ ಅಂತ ನೋಡ್ಬೇಡ. ಕಾಲು ನೋಡು. ಇರುದು ಒಬ್ಳೇ ಜಡ್ಜ್, ನೀನು ಒಮ್ಮೆ ಎತ್ತಿದ್ರೆ ನಾನು ಔಟ್," ಎಂದಳು. ನಾನು ಆಗಿನ ಅಭ್ಯಾಸದಂತೆ, "ಓಕೆ, ಐ ಗಾಟ್ ಇಟ್," ಎಂದೆ. ಅವಳ ಕನ್ನಡಕ್ಕೆಲ್ಲ ನನ್ನ ಉತ್ತರ ಇಂಗ್ಲಿಷಿನಲ್ಲೇ ಇರುತ್ತಿತ್ತು.

ಆ ಬೆಳಿಗ್ಗೆ ಇಳಿಜಾರಿನಲ್ಲಿ ಅವಳ ಎರಡೂ ಪಾದ ನೆಲದಿಂದ ಎದ್ದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಸಟ್ಟುಗ ಎತ್ತಿದೆ. ಅಮ್ಮ ಅದನ್ನು ನೋಡಿದವಳೇ ದಾರಿ ಬಿಟ್ಟು ಹುಲ್ಲಿನ ಮೇಲೆ ಬಂದು ನಿಂತು, ಎದೆಯ ನಂಬರಿನ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದಳು. ಗೆರೆಯ ಹತ್ತಿರ ಕ್ಯಾಮೆರಾ ಹಿಡಿದು ಕಾಯುತ್ತಿದ್ದ ಅಪ್ಪ ಏದುಸಿರು ಬಿಡುತ್ತ ಬಂದರು. "ಎಂತ ಮಾರಾಯ್ತಿ, ಮಗು ಸೌಟು ಎತ್ತಿತು ಅಂತ ಯಾರಾದ್ರೂ ರೇಸ್ ಬಿಡ್ತಾರಾ?" ಎಂದರು. "ಅದು ಸೌಟಲ್ಲ, ಸಟ್ಟುಗ. ಜಡ್ಜ್ ಎತ್ತಿದ ಮೇಲೆ ಮುಗೀತು," ಎಂದಳು ಅಮ್ಮ. ಟರ್ಕಿ ಟೋಪಿಯ ಮುದುಕರು ಬಂದು ಅವಳಿಗೆ ನೀರು ಕೊಟ್ಟು ಸಮಾಧಾನ ಹೇಳಿದರು. ಅವಳಿಗೆ ಸಮಾಧಾನ ಬೇಕಿರಲಿಲ್ಲ. ಹಿಂದಿನ ವರ್ಷ ಓಟ ಮುಗಿಸಿಯೂ ಇಲ್ಲದ ಖುಷಿ ಅವಳ ಮುಖದಲ್ಲಿತ್ತು, ಮನೆಗೆ ನಡೆಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟಿದ್ದಳು. ಅವಳಿಗೆ ಯಾಕೆ ಖುಷಿಯಾಯಿತು ಎಂದು ಹನ್ನೊಂದು ವರ್ಷದ ನನಗೆ ತಿಳಿಯಲಿಲ್ಲ. ನಂತರದ ಎರಡು ವರ್ಷವೂ ಸಟ್ಟುಗ ಎದ್ದಿತು, ಅಮ್ಮ ಅದೇ ಹುಲ್ಲಿನ ಮೇಲೆ ಬಂದು ನಿಂತಳು.

2007ರ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ನನಗೆ ಹದಿನಾಲ್ಕು. ನನ್ನ ತರಗತಿಯ ಅರ್ಧದಷ್ಟು ಮಕ್ಕಳು ಓಡುವ ದಾರಿಯಲ್ಲಿ ಸಟ್ಟುಗ ಹಿಡಿದು ನಿಲ್ಲುವುದೆಂದರೆ ಜೀವ ಹೋದ ಹಾಗಾಗುತ್ತಿತ್ತು. ಮುಂದಿನ ಬೇಸಿಗೆಗೆ ಮನೆ ಮಾರಿ ಲಾಸ್ ಏಂಜಲೀಸಿಗೆ ಹೋಗುವುದು ಆಗಲೇ ತೀರ್ಮಾನವಾಗಿತ್ತು. ಇದು ಅಮ್ಮನ ಕೊನೆಯ ಅವಕಾಶ ಎಂದು ಗೊತ್ತಿದ್ದರಿಂದ ಸಟ್ಟುಗವನ್ನು ಜಾಕೆಟಿನೊಳಗೆ ಬಚ್ಚಿಟ್ಟುಕೊಂಡು ಹೋದೆ. ಅವಳು ಇಳಿಜಾರಿನ ನೆತ್ತಿಯಲ್ಲಿ ಕಾಣಿಸಿಕೊಂಡಾಗ ಮಗುವಿನ ಗಾಡಿಯೊಂದು ಅಡ್ಡ ಬಂತು. ನಾಚಿಕೆ ಮರೆತು ನಾನು ರಸ್ತೆಯ ಅಂಚಿನಲ್ಲಿ ಮಂಡಿಯೂರಿ ಕೂತೆ. ಹಿಮ್ಮಡಿ ತಾಗಿತು, ಹಿಂದಿನ ಪಾದದ ಬೆರಳು ಆಮೇಲೆ ಎದ್ದಿತು. ಮತ್ತೆ ಹಿಮ್ಮಡಿ, ಮತ್ತೆ ಬೆರಳು. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಬಲಗೈಯನ್ನೇ ನೋಡುತ್ತ ಬಂದಳು, ನೋಡುತ್ತಲೇ ದಾಟಿದಳು. ಸಟ್ಟುಗ ನನ್ನ ತೊಡೆಯ ಮೇಲೆ ಹಾಗೆಯೇ ಇತ್ತು. ಗೆರೆಯ ಹತ್ತಿರ ಅಪ್ಪ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಬೆವರಿನಲ್ಲೇ ತಿರುಗಿ ನನ್ನ ಬಳಿ ಬಂದು, "ನಿಜ ಹೇಳು. ಕೊನೇ ವರ್ಷ ಅಂತ ಪಾಪ ಕಂಡು ಬಿಟ್ಟದ್ದಾ?" ಎಂದು ಕೇಳಿದಳು. "ನೋ ಅಮ್ಮ. ಯೂ ವರ್ ಕ್ಲೀನ್," ಎಂದೆ. ಅವಳು ನಂಬಿದಳು. ಮೂರು ವರ್ಷ ನಾನು ಅವಳನ್ನು ಹೊರಗೆ ಹಾಕಿದ್ದರಿಂದಲೇ ಆ ಒಂದು ಮಾತಿಗೆ ಬೆಲೆ ಬಂದಿತ್ತೆಂದು ಆಗ ನನಗೆ ಹೊಳೆಯಿತು. ಹುಲ್ಲಿನ ಮೇಲೆ ಕುಳಿತು ಅಮ್ಮ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಲಾಸ್ ಏಂಜಲೀಸಿಗೆ ಬಂದ ಮೇಲೆ ಅವಳು ಸ್ಪರ್ಧೆಗೆ ಹೋಗಲಿಲ್ಲ. ಬೇಕಾದದ್ದು ಸಿಕ್ಕಿತ್ತು ಎಂದುಕೊಂಡಿದ್ದೇನೆ. ವರ್ಷಗಳ ನಂತರ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ, ಒಂದು ಮಧ್ಯಾಹ್ನ ನರ್ಸ್ ಅವಳನ್ನು ವಾಕರ್ ಹಿಡಿಸಿ ಕಾರಿಡಾರಿನಲ್ಲಿ ನಡೆಸಿದರು. ಕಾಲು ಎತ್ತುವ ಶಕ್ತಿಯಿರಲಿಲ್ಲ, ಚಪ್ಪಲಿ ನೆಲಕ್ಕೆ ಉಜ್ಜುತ್ತ ಇಂಚಿಂಚೇ ಸರಿಯುತ್ತಿದ್ದಳು. ಕಿಟಕಿಯ ಹತ್ತಿರ ನಿಂತಿದ್ದ ನನ್ನನ್ನು ದಾಟುವಾಗ ಕತ್ತು ಹೊರಳಿಸಿ, "ನೋಡಿದ್ಯಾ? ಒಂದು ಕಾಲೂ ನೆಲ ಬಿಡ್ಲಿಲ್ಲ," ಎಂದಳು. "ಬಿಡ್ಲಿಲ್ಲ ಅಮ್ಮ. ನಾನು ನೋಡ್ತಾ ಇದ್ದೆ," ಎಂದೆ, ಕನ್ನಡದಲ್ಲೇ. ಮರುವಾರ ಅವಳು ಹೋದಳು.

ಈ ಥ್ಯಾಂಕ್ಸ್‌ಗಿವಿಂಗ್ ದಿನ ಪೆನಾಸ್ಕಿಟೋಸ್‌ಗೆ ಹೋಗಿದ್ದೆ. ನಮ್ಮ ಮನೆಗೆ ಬೇರೆ ಬಣ್ಣ ಬಳಿದಿದ್ದಾರೆ, ಗ್ಯಾರೇಜಿನ ಮುಂದೆ ಯಾರದೋ ದೋಣಿ ನಿಂತಿದೆ. ಜೀನತ್ ಆಂಟಿಯೂ ಮಗನ ಮನೆಗೆ ಹೋಗಿಬಿಟ್ಟಿದ್ದಾರಂತೆ. ಓಟ ಇನ್ನೂ ನಡೆಯುತ್ತದೆ. ನೀಲಗಿರಿ ತಿರುವಿನಲ್ಲಿ ಬರಿಗೈಯಲ್ಲಿ ನಿಂತೆ. ಇಳಿಜಾರಿನಲ್ಲಿ ಎಲ್ಲರೂ ನಗುತ್ತ ಓಡಿ ಬಂದರು, ಎಲ್ಲರ ಕಾಲೂ ನೆಲ ಬಿಡುತ್ತಿತ್ತು. ತೀರ್ಪು ಅವರಲ್ಲಿ ಯಾರಿಗೂ ಬೇಕಿರಲಿಲ್ಲ. ಆದರೂ ಕೊನೆಯವರು ದಾಟಿ ಹೋಗುವ ತನಕ ನಾನು ಪಾದಗಳನ್ನೇ ನೋಡುತ್ತ ನಿಂತಿದ್ದೆ.